ಚಳಿಗಾಲದಲ್ಲಿ ದೋಣಿ ಕಟ್ಟುವ ಜಾಗ

ಪ್ರವಾಸ ಹೋಗಿಬಂದವರು ಹಗಲು ಕಂಡ ನೋಟಗಳನ್ನು ವರ್ಣಿಸುತ್ತಾರೆ. ರಾತ್ರಿ ತಂಗಿದ ಜಾಗದ ಮಾತನ್ನು ಆಡುವವರು ಕಡಮೆ. ನಮ್ಮ ಹಿರಿಯರು ಹಾಗಿರಲಿಲ್ಲ. ಎತ್ತಿನ ಗಾಡಿ ಕಟ್ಟಿಕೊಂಡು ಯಾತ್ರೆಗೆ ಹೊರಟರೆ, ದೇವರ ದರ್ಶನದ ಹೊತ್ತಿಗಿಂತ ಮೊದಲು ಛತ್ರ ಎಲ್ಲಿದೆ, ಬಾವಿ ಎಷ್ಟು ದೂರ, ಎತ್ತಿಗೆ ಹುಲ್ಲು ದೊರೆಯುವುದೆ ಎಂದು ವಿಚಾರಿಸಿಕೊಳ್ಳುತ್ತಿದ್ದರು. ನಾನು ಈ ಹೊತ್ತು ತಮ್ಮ ಮುಂದೆ ಹೇಳಬೇಕೆಂದಿರುವುದೂ ಅದೇ ಜಾತಿಯ ವಿಚಾರ. ಎತ್ತಿನ ಬದಲು ಒಂದು ಮುದಿ ನಾಯಿ, ಗಾಡಿಯ ಬದಲು ದೋಣಿ. ಸೀಮೆ ಇಂಗ್ಲೆಂಡಿನ ನಾರ್ಫಕ್, ಕಾಲ ಜನವರಿ ತಿಂಗಳು.

ನಾರ್ಫಕ್ ಪ್ರಾಂತ್ಯದ ಪೂರ್ವಭಾಗದಲ್ಲಿ, ನಾರಿಚ್ ಪಟ್ಟಣಕ್ಕೂ ಸಮುದ್ರಕ್ಕೂ ನಡುವೆ, ಬ್ರಾಡ್ಸ್ ಎಂಬ ಜಲಪ್ರದೇಶವಿದೆ. ಬ್ಯೂರ್, ಯೇರ್, ವೇವ್ನಿ ಎಂಬ ಮೂರು ಮುಖ್ಯ ನದಿಗಳು. ಆಂಟ್, ಥರ್ನ್, ಚೆಟ್ ಎಂಬ ಚಿಕ್ಕ ಹೊಳೆಗಳು. ಇವುಗಳ ಅಕ್ಕಪಕ್ಕದಲ್ಲಿ ಹರಡಿಕೊಂಡ, ಆಳವಿಲ್ಲದ ಕೆರೆಗಳು. ದೋಣಿ ಸಾಗಬಹುದಾದ ನೀರಿನ ದಾರಿ ಸುಮಾರು ೨೦೦ ಕಿಲೋಮೀಟರು. ಈ ಕೆರೆಗಳು ನಿಸರ್ಗ ನಿರ್ಮಿತವೆಂದೇ ಬಹುಕಾಲ ಜನ ನಂಬಿದ್ದರು. ೧೯೫೦ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆ ತಳದ ಮಣ್ಣನ್ನು ಕೊರೆದು ತೆಗೆದು ನೋಡಿದಾಗ, ಅಂಚುಗಳು ಗೋಡೆಯಂತೆ ನೆಟ್ಟಗೆ ಇಳಿದಿರುವುದು ಕಂಡುಬಂದಿತು. ಮಧ್ಯಯುಗದ ಜನ ಒಲೆಯುರಿಗಾಗಿ ಇಲ್ಲಿನ ಜೌಗು ನೆಲದ ಇದ್ದಲಿನಂಥ ಮಣ್ಣನ್ನು, ಎಂದರೆ ಪೀಟನ್ನು, ಶತಮಾನಗಳ ಕಾಲ ಅಗೆದು ಹೊತ್ತೊಯ್ದಿದ್ದರು. ಆಮೇಲೆ ಸಮುದ್ರದ ಮಟ್ಟ ಏರಿ ಆ ಗುಂಡಿಗಳಲ್ಲಿ ನೀರು ನಿಂತಿತು. ಚಳಿಗೆ ಹೆದರಿದ ಮನುಷ್ಯರು ತೋಡಿದ ಕೆರೆಗಳಿವು ಎಂಬುದನ್ನು, ಚಳಿಗಾಲದಲ್ಲಿ ಅಲ್ಲಿಗೆ ಹೋದವನು ಮರೆಯಲಾರ.

ನನ್ನ ಅಕ್ಕ ಮತ್ತು ಭಾವ ನಾರಿಚ್‌ನಲ್ಲಿ ನೆಲಸಿ ದಶಕಗಳೇ ಆಗಿವೆ. ಭಾವ ವೈದ್ಯರಾಗಿದ್ದು ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಅವರು ಕೊಂಡದ್ದು ಇಪ್ಪತ್ತೆಂಟು ಅಡಿ ಉದ್ದದ ಒಂದು ಹಳೆಯ ದೋಣಿ. ಒಳಗೆ ಎರಡು ಮಲಗುವ ಹಲಗೆ, ಒಂದು ಅಡುಗೆಯ ಮೂಲೆ, ನಾನು ಹೋದಾಗ ಮೇಜನ್ನು ಇಳಿಸಿ ಮಾಡುವ ಮೂರನೆಯ ಹಾಸಿಗೆ. ಅವರ ಮನೆಯ ನಾಲ್ಕನೆಯ ಸದಸ್ಯೆ ಟೆಸ್ ಎಂಬ ಲ್ಯಾಬ್ರಡಾರ್ ಜಾತಿಯ ಹೆಣ್ಣುನಾಯಿ. ನಾನು ಹೇಳುತ್ತಿರುವ ವರ್ಷ ಅದಕ್ಕೆ ಹದಿಮೂರು ತುಂಬಿತ್ತು. ಹಿಂಗಾಲುಗಳ ಕೀಲು ಬಿಗಿದಿದ್ದವು. ನಾಯಿಯನ್ನು ಬೋರ್ಡಿಂಗಿನಲ್ಲಿ ಬಿಟ್ಟು ಬರಲು ಅಕ್ಕ ಒಪ್ಪಳು. ಬೇಸಗೆಯಲ್ಲಿ ಹೊರಡೋಣವೆಂದರೆ ಬಾಡಿಗೆ ದೋಣಿಗಳ ಸಂದಣಿಯನ್ನು ಭಾವ ಸಹಿಸರು. ಆದ್ದರಿಂದ ಅವರ ಪ್ರಯಾಣವೆಲ್ಲ ನದಿ ಬರಿದಾಗಿರುವ ಜನವರಿಯಲ್ಲಿ. ಭಾವನವರಿಗೂ ಎದೆಯ ತೊಂದರೆಯಿದ್ದು, ರಾತ್ರಿಯ ಶೀತಗಾಳಿ ಅವರಿಗೆ ವರ್ಜ್ಯ. ಮುದಿ ನಾಯಿಗೆ ಹತ್ತಿಳಿಯಲು ಸುಲಭವಾದ ದಡ ಬೇಕು, ಮುದಿ ಮನುಷ್ಯನಿಗೆ ಬೆಚ್ಚನೆಯ ಕೋಣೆ ಬೇಕು. ದೋಣಿ ಕಟ್ಟುವ ಜಾಗವನ್ನು ಆರಿಸುವ ಪ್ರಶ್ನೆ ಆ ಸಂಸಾರದಲ್ಲಿ ವಿನೋದದ ಪ್ರಶ್ನೆಯಾಗಿರಲಿಲ್ಲ.

ಬೇಸಗೆಯಲ್ಲಿ ಆ ನಾಡಿನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಜಾಗ ಹುಡುಕಲು ಬೇಕಾದಷ್ಟು ಹೊತ್ತು. ಜನವರಿಯ ಮೊದಲ ವಾರದಲ್ಲಿ ನಾಲ್ಕು ಗಂಟೆ ಹೊಡೆಯುವ ಮೊದಲೇ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ಎಂಟು ದಾಟಿದ ಮೇಲೆ ಮೂಡುತ್ತಾನೆ. ಹದಿನಾರು ಗಂಟೆಯ ರಾತ್ರಿ! ನದಿಯಲ್ಲಿ ವೇಗದ ಮಿತಿ ಗಂಟೆಗೆ ಮೂರರಿಂದ ಆರು ಮೈಲಿ. ನಡೆದು ಹೋಗುವವನು ದೋಣಿಯನ್ನು ಹಿಂದಿಕ್ಕಬಹುದು. ಆದ್ದರಿಂದ ‘ಇಲ್ಲಿ ಸರಿಯಿಲ್ಲ, ಮುಂದಿನ ಊರಿಗೆ ಹೋಗೋಣ’ ಎಂಬ ಮಾತನ್ನು ಮಧ್ಯಾಹ್ನ ಎರಡರ ನಂತರ ಆಡುವಂತಿಲ್ಲ. ಊಟಕ್ಕೆ ಮೊದಲೇ ರಾತ್ರಿಯ ಯೋಚನೆ ಮುಗಿದಿರಬೇಕು.

ಇನ್ನು ವಿದ್ಯುತ್ತಿನ ಮಾತು. ದೋಣಿಯನ್ನು ಬೆಚ್ಚಗಿಡುವ ಯಂತ್ರ ಡೀಸೆಲನ್ನು ಉರಿಸಿ ಬಿಸಿಗಾಳಿಯನ್ನು ಊದುತ್ತದೆ. ಡೀಸೆಲ್ ಇದ್ದರೆ ಸಾಕಲ್ಲ, ವಿದ್ಯುತ್ತಿನ ಹಂಗೇಕೆ ಎಂದು ಕೇಳಬಹುದು. ಗಾಳಿಯನ್ನು ಊದುವ ಪಂಕ ತಿರುಗುವುದು ಬ್ಯಾಟರಿಯಿಂದ. ಅದಕ್ಕಿಂತ ಹೆಚ್ಚಾಗಿ, ಯಂತ್ರ ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ ಒಳಗಿನ ಕಡ್ಡಿಯೊಂದು ಕೆಂಪಗೆ ಕಾಯಬೇಕು, ಅದು ಬ್ಯಾಟರಿಯನ್ನು ಒಮ್ಮೆಲೇ ಹೀರುತ್ತದೆ. ಬ್ಯಾಟರಿಯೋ, ಚಳಿ ಹೆಚ್ಚಿದಷ್ಟೂ ತನ್ನಲ್ಲಿರುವುದನ್ನು ಬಿಟ್ಟುಕೊಡದ ಜಿಪುಣ. ನೂರಹತ್ತು ಆಂಪಿಯರ್-ಗಂಟೆಯದೆಂದು ಮೇಲೆ ಬರೆದಿದ್ದರೆ, ಅದರ ಆಯುಷ್ಯ ಕೆಡದಂತೆ ಬಳಸಬಹುದಾದದ್ದು ಅರ್ಧ ಮಾತ್ರ. ಹನ್ನೆರಡು ವೋಲ್ಟಿನ ಬ್ಯಾಟರಿಯ ಮುಳ್ಳು ೧೨.೨ಕ್ಕೆ ಇಳಿಯಿತೆಂದರೆ ಅರ್ಧ ಬರಿದಾಯಿತೆಂದು ಸುಮಾರಾಗಿ ಲೆಕ್ಕ. ಇನ್ನೂ ಇಳಿದರೆ ಬಿಸಿಗಾಳಿಯ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಸಾಮಾನ್ಯವಾಗಿ ಬೆಳಗಿನ ನಾಲ್ಕು ಗಂಟೆಯ ಹೊತ್ತಿಗೆ, ಚಳಿ ಕಡುವಾಗಿರುವಾಗ. ಇಂಜಿನ್ನು ತಿರುಗಿಸಿ ಬ್ಯಾಟರಿ ತುಂಬಿಸಬಹುದು, ನಿಜ. ಆದರೆ ಕಟ್ಟಿದ ದೋಣಿಯಲ್ಲಿ ರಾತ್ರಿ ಎಂಟರ ಮೇಲೆ ಇಂಜಿನ್ನು ಹೊಡೆಸುವವನನ್ನು ಆ ನದಿಯ ಜನ ಮನುಷ್ಯನೆಂದು ಎಣಿಸುವುದಿಲ್ಲ.

ಇದಕ್ಕೆ ಪರಿಹಾರವಾಗಿ ಕೆಲವು ಕಟ್ಟೆಗಳ ಮೇಲೆ ಸೊಂಟದೆತ್ತರದ ವಿದ್ಯುತ್ ಕಂಬಗಳನ್ನು ನೆಟ್ಟಿದ್ದಾರೆ. ದೋಣಿಯಿಂದ ನೀಲಿ ತಲೆಯ ಕೇಬಲ್ಲನ್ನು ತಂದು ಅದಕ್ಕೆ ಸಿಕ್ಕಿಸಿದರೆ ಮನೆಯಲ್ಲಿರುವಂಥದೇ ವಿದ್ಯುತ್ತು ಒಳಗೆ ಬರುತ್ತದೆ. ಮೊದಲು ಹಣ ಕಟ್ಟಬೇಕು. ನಾನು ಹೋದ ವರ್ಷಗಳಲ್ಲಿ ಅಂಗಡಿಯಲ್ಲಿ ಕೊಂಡ ಒಂದು ಕಾರ್ಡನ್ನು ಕಂಬಕ್ಕೆ ಉಣಿಸುತ್ತಿದ್ದೆವು. ಸಾಮಾನ್ಯವಾಗಿ ಹದಿನಾರು ಆಂಪಿಯರಿನ ಮಿತಿ. ಎಂದರೆ ಮೂರೂವರೆ ಕಿಲೋವಾಟಿನಷ್ಟು. ಕಾಫಿಗೆ ನೀರು ಕಾಯಿಸುವ ಕೆಟಲ್ಲನ್ನೂ ದೊಡ್ಡ ಹೀಟರನ್ನೂ ಒಟ್ಟಿಗೆ ಹಾಕಿದರೆ ಕಂಬದ ಸ್ವಿಚ್ಚು ಬೀಳುತ್ತದೆ, ಕತ್ತಲಲ್ಲಿ ಯಾರಾದರೂ ಇಳಿದು ಹೋಗಬೇಕು. ಭಾವನವರ ದೋಣಿಯಲ್ಲಿ ಹಾಗೆ ಇಳಿಯುವ ಅಧಿಕಾರ ನನ್ನದಾಗಿತ್ತು. ಎಣ್ಣೆ ತುಂಬಿದ ಚಿಕ್ಕ ರೇಡಿಯೇಟರು, ಐನೂರರಿಂದ ಸಾವಿರ ವಾಟಿನದು, ಇಡೀ ರಾತ್ರಿ ಸದ್ದಿಲ್ಲದೆ ಉರಿಯಲು ಸಾಕು. ಒಂದು ಎಚ್ಚರಿಕೆ: ಕೇಬಲ್ಲನ್ನು ಸುರುಳಿಯಾಗಿಯೇ ಬಿಟ್ಟು ಬಳಸಬಾರದು, ಸುರುಳಿ ಒಳಗೊಳಗೇ ಕಾಯುತ್ತದೆ, ಪೂರ್ತಿ ಬಿಚ್ಚಿ ಹಾಕಬೇಕು. ಮೊದಲು ದೋಣಿಯ ತುದಿಯನ್ನು ಸಿಕ್ಕಿಸಿ ಆಮೇಲೆ ಕಂಬದ ತುದಿ. ಬಿಡಿಸುವಾಗ ಮೊದಲು ಕಂಬದ ತುದಿ. ಜೀವಂತ ತುದಿ ಕೈ ಜಾರಿ ನೀರಿಗೆ ಬೀಳದಿರಲೆಂದು ಈ ಕ್ರಮ.

ಒಳಗೆ ಉರಿ ಇರುವ ದೋಣಿಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಭಯವೂ ಉಂಟು. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಮುಗಿಸುತ್ತದೆ. ೨೦೧೯ರಿಂದ ಆ ದೇಶದಲ್ಲಿ ದೋಣಿಗಳ ಸುರಕ್ಷತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಇದನ್ನು ಸೂಚಿಸುವ ಗಂಟೆ ಇರಲೇಬೇಕೆಂದು ಮಾಡಿದ್ದಾರೆ. ಚಳಿಯೆಂದು ಗಾಳಿಕಿಂಡಿಗೆ ಬಟ್ಟೆ ತುರುಕುವವರನ್ನು ನಾನು ಕಂಡಿದ್ದೇನೆ. ಅವರಿಗೆ ಹೇಳಬೇಕಾದ ಮಾತನ್ನು ಭಾವ ವೈದ್ಯರ ಭಾಷೆಯಲ್ಲಿ ಹೇಳುತ್ತಿದ್ದರು. ಬಾನುಲಿಯಲ್ಲಿ ಅದನ್ನು ಹೇಳುವುದು ಬೇಡ.

ನಾಯಿಯ ದೃಷ್ಟಿಯಿಂದ ನೋಡಿದರೆ ನದಿಯ ನಕ್ಷೆಯೇ ಬೇರೆಯಾಗುತ್ತದೆ. ಮನುಷ್ಯ ಏಣಿ ಹತ್ತಬಲ್ಲ, ನಾಯಿ ಹತ್ತಲಾರದು. ಬ್ರಾಡ್ಸ್ ನದಿಗಳು ಸಮುದ್ರಕ್ಕೆ ತೆರೆದುಕೊಂಡಿರುವುದರಿಂದ, ನಮ್ಮ ಕುಂದಾಪುರದ ಕಡೆಯವರು ಭರತ ಇಳಿತ ಎನ್ನುವ ನೀರಿನ ಏರಿಳಿತ ಅಲ್ಲಿಯೂ ಇದೆ. ಮೇಲಿನ ಭಾಗಗಳಲ್ಲಿ ಅದು ಒಂದು ಗೇಣಿನಷ್ಟು. ಸಮುದ್ರಕ್ಕೆ ಹತ್ತಿರವಾದ ಕೆಳಭಾಗಗಳಲ್ಲಿ ಒಂದು ಮೀಟರನ್ನೂ ಮೀರುತ್ತದೆ. ಸಂಜೆ ಕಟ್ಟೆಗೆ ಸಮನಾಗಿದ್ದ ದೋಣಿ ನಡುರಾತ್ರಿ ಗೋಡೆಯ ಬುಡಕ್ಕೆ ಇಳಿದಿರುತ್ತದೆ. ಆಗ ಮೂವತ್ತು ಕಿಲೋ ತೂಕದ ನಾಯಿಗೆ ಹೊರಗೆ ಹೋಗಬೇಕೆನ್ನಿಸಿದರೆ? ಬೆನ್ನ ಮೇಲೆ ಹಿಡಿಯುಳ್ಳ ತೇಲು ಅಂಗಿಯನ್ನು ತೊಡಿಸಿ ಎತ್ತಬೇಕು. ಎತ್ತುವವನ ಎದೆ ಗಟ್ಟಿಯಿರಬೇಕು.

ಕಟ್ಟೆಯ ಹಲಗೆಗಳ ಮೇಲೆ ಹಿಮ ಕಟ್ಟಿದಾಗ ಗಾಜಿನಂತೆ ಜಾರುತ್ತವೆ. ಮೇಲೆ ತಂತಿಯ ಬಲೆ ಹೊಡೆದ ಕಟ್ಟೆಯಾದರೆ ಕಾಲು ನಿಲ್ಲುತ್ತದೆ. ದೋಣಿಗೂ ದಡಕ್ಕೂ ನಡುವೆ ನಾಯಿ ಬಿದ್ದರೆ, ನೀರಿನ ಬಿಸಿ ಐದು ಡಿಗ್ರಿಯ ಆಸುಪಾಸು, ಅಲ್ಲಿ ಮುದಿ ಪ್ರಾಣಿ ಬಹಳ ಹೊತ್ತು ತಾಳದು. ಹಗ್ಗಗಳೆರಡೂ ಬಿಗಿಯುವ ತನಕ ಟೆಸ್‌ಗೆ ಬಾಗಿಲು ತೆರೆಯುವಂತಿರಲಿಲ್ಲ. ಮತ್ತೊಂದು ಪ್ರಶ್ನೆ, ಇಳಿದ ಮೇಲೆ ಹೋಗುವುದೆಲ್ಲಿಗೆ ಎಂಬುದು. ನಕ್ಷೆಯಲ್ಲಿ ಸೊಗಸಾಗಿ ಕಾಣುವ ಎಷ್ಟೋ ಕಟ್ಟೆಗಳ ಹಿಂದೆ ನಾಲ್ಕು ಹೆಜ್ಜೆಯಾಚೆಗೆ ಜೊಂಡು, ಜೌಗು. ಕೆಲವು ಕಡೆ ಹುಲ್ಲುಗಾವಲಿದೆ, ಆದರೆ ದನಗಳು ಮೇಯುತ್ತವೆ. ಪಕ್ಷಿಧಾಮವಾದರೆ ನಾಯಿಗೆ ಪ್ರವೇಶವಿಲ್ಲ, ಇಲ್ಲವೇ ಸರಪಣಿಯಲ್ಲಿ ಮಾತ್ರ. ಅದು ನ್ಯಾಯವೇ. ಧ್ರುವದ ಕಡೆಯಿಂದ ಚಳಿಗಾಲ ಕಳೆಯಲು ಬಂದ ನಸುಗೆಂಪು ಕಾಲಿನ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿದಿರುವ ಗದ್ದೆಯಲ್ಲಿ ಒಂದು ನಾಯಿ ಬೊಗಳಿದರೆ ಏನಾಗುತ್ತದೆಂಬುದನ್ನು ನಾನು ನೋಡಿದ್ದೇನೆ, ಆಕಾಶವೇ ಎದ್ದಂತಾಗುತ್ತದೆ.

ಆರ್ಥರ್ ರ‍್ಯಾನ್ಸಮ್ ಎಂಬಾತ ಈ ನದಿಗಳನ್ನೇ ರಂಗಭೂಮಿಯಾಗಿಟ್ಟುಕೊಂಡು ೧೯೩೪ರಲ್ಲಿ ‘ಕೂಟ್ ಕ್ಲಬ್’ ಎಂಬ ಮಕ್ಕಳ ಕಾದಂಬರಿ ಬರೆದ. ಅದರಲ್ಲಿ ವಿಲಿಯಂ ಎಂಬ ಪಗ್ ಜಾತಿಯ ಸುಖಜೀವಿ ನಾಯಿಯೊಂದಿದೆ. ಬ್ರೇಡನ್ ಎಂಬ ವಿಶಾಲವಾದ ಅಳಿವೆಯಲ್ಲಿ ನೀರು ಇಳಿದು ದೋಣಿಗಳು ಕೆಸರಿನಲ್ಲಿ ಸಿಕ್ಕಿಕೊಂಡಾಗ, ಮನುಷ್ಯರು ಕಾಲಿಟ್ಟರೆ ಹೂತುಹೋಗುವ ಆ ಕೆಸರನ್ನು ದಾಟಿ ಹಗ್ಗವನ್ನು ಒಂದು ದೋಣಿಯಿಂದ ಇನ್ನೊಂದಕ್ಕೆ ಮುಟ್ಟಿಸುವುದು ಆ ನಾಯಿಯೇ. ಅಕ್ಕ ಈ ಕಥೆಯನ್ನು ಟೆಸ್‌ಗೆ ಕನ್ನಡದಲ್ಲಿ ಹೇಳಿದ್ದಳಂತೆ; ಅದು ಆಕಳಿಸಿತಂತೆ.

ನಾವು ಹೊರಟ ಮೊದಲ ರಾತ್ರಿ ರ‍್ಯಾನ್‌ವರ್ತ್ ಎಂಬ ಹಳ್ಳಿಯಲ್ಲಿ ತಂಗಿದೆವು. ನನ್ನನ್ನು ಕೇಳಿದರೆ ಚಳಿಗಾಲಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಉತ್ತರದ ನದಿಗಳಲ್ಲಿಲ್ಲ. ನದಿಯ ಓಟದಿಂದ ಒಳಕ್ಕೆ ಸರಿದ ಕೆರೆ, ಏರಿಳಿತ ಅತ್ಯಲ್ಪ. ಅಲ್ಲಿ ದೋಣಿಯ ಹಿಂಬದಿಯನ್ನು ದಡಕ್ಕೆ ಕೊಟ್ಟು, ಮುಂಬದಿ ಅಲುಗದಂತೆ ಕೆಸರಿಗೆ ಕಬ್ಬಿಣದ ಗುಂಡನ್ನು ಇಳಿಬಿಡುತ್ತಾರೆ. ಹಿಂಬದಿಯಿಂದ ನಾಯಿ ಒಂದೇ ಹೆಜ್ಜೆಗೆ ನೆಲ ಮುಟ್ಟುತ್ತದೆ. ವಿದ್ಯುತ್ ಕಂಬ ಕೈಗೆಟಕುವಷ್ಟು ದೂರ. ಎದುರಿಗೆ ಹೋಟೆಲು, ನಾಯಿಗೂ ಒಳಗೆ ಸ್ವಾಗತ. ಹಳ್ಳಿಯ ದಾರಿಯಲ್ಲಿ ನಡೆದರೆ ಸಂತ ಹೆಲೆನಳ ಇಗರ್ಜಿ. ಹದಿನೈದನೆಯ ಶತಮಾನದ ಬಣ್ಣದ ಮರದ ತೆರೆ ಅಲ್ಲಿದೆ, ಅಷ್ಟು ಚೆನ್ನಾಗಿ ಉಳಿದುಬಂದ ಇನ್ನೊಂದು ಸಿಗುವುದು ಕಷ್ಟ. ಗೋಪುರ ಹತ್ತಿದರೆ ಕೆರೆಗಳೆಲ್ಲ ಕಣ್ಣ ಕೆಳಗೆ. ಆ ರಾತ್ರಿ ರೇಡಿಯೇಟರು ಉರಿಯಿತು, ಬ್ಯಾಟರಿಗಳು ತುಂಬಿದವು, ಭಾವ ಗೊರಕೆ ಹೊಡೆದರು.

ಮರುದಿನ ಮಧ್ಯಾಹ್ನ ಸೇಂಟ್ ಬೆನೆಟ್ಸ್ ಮಠದ ಅವಶೇಷದ ಬಳಿ ನಿಂತೆವು. ಮಠದ ಹೆಬ್ಬಾಗಿಲಿನ ಹೊಟ್ಟೆಯೊಳಗೇ ಹದಿನೆಂಟನೆಯ ಶತಮಾನದಲ್ಲಿ ಯಾರೋ ಒಂದು ಗಾಳಿಯಂತ್ರದ ಗೋಪುರವನ್ನು ಕಟ್ಟಿದ್ದಾರೆ. ಎರಡೂ ಈಗ ಪಾಳು. ತಗ್ಗಾದ ಹುಲ್ಲಿನ ದಡ, ಸಮನಾದ ದಾರಿ, ನಾಯಿಗೆ ಸ್ವರ್ಗ. ಕಂಬ ಮಾತ್ರ ಇಲ್ಲ. ಅಲ್ಲಿಂದ ಮುಂದೆ ನಾವು ರಾತ್ರಿಗೆಂದು ಗೊತ್ತುಮಾಡಿಕೊಂಡಿದ್ದ ಕಟ್ಟೆಯ ಹೆಸರು ಬೇಡ. ಕಂಬವಿತ್ತು, ಒಳಗೆ ಪ್ರಾಣವಿರಲಿಲ್ಲ. ಗಂಟೆ ಮೂರು. ರಾತ್ರಿ ಶೂನ್ಯಕ್ಕಿಂತ ನಾಲ್ಕು ಡಿಗ್ರಿ ಕೆಳಗಿಳಿಯುವುದೆಂದು ಹವಾಮಾನದವರು ಹೇಳಿದ್ದರು. ಮುಕ್ಕಾಲು ಗಂಟೆ ಕೆಳಕ್ಕೆ ಹೋದರೆ ಇನ್ನೊಂದು ಕಟ್ಟೆ, ಅಲ್ಲಿ ವಿದ್ಯುತ್ತು ಖಂಡಿತ. ಆದರೆ ಇಳಿತದಲ್ಲಿ ಅದು ಎದೆಮಟ್ಟದ ಗೋಡೆ.

“ಟೆಸ್‌ನ ನಾನು ಎತ್ತುತ್ತೇನೆ ಭಾವ, ಕೆಳಗೇ ಹೋಗೋಣ. ನಿಮಗೆ ಚಳಿ ಆಗೋದಿಲ್ಲ” ಎಂದೆ.

“ರಾತ್ರಿ ಎರಡು ಗಂಟೆಗೆ, ಹಿಮದ ಮೇಲೆ, ನೀನು ಎತ್ತುತ್ತೀಯ. ಜಾರಿದರೆ ನಿಮ್ಮಿಬ್ಬರನ್ನೂ ಎತ್ತೋದು ಯಾರು?” ಎಂದರು ಭಾವ.

ಅಕ್ಕ ಮಾತಾಡಲಿಲ್ಲ. ಗಂಡನ ಎದೆಗೂ ನಾಯಿಯ ಕಾಲಿಗೂ ನಡುವೆ ಆರಿಸಬೇಕಾದ ಮಾತನ್ನು ಅವಳ ಬಾಯಿಂದ ಬರಿಸುವುದು ಕ್ರೂರವಾಗುತ್ತಿತ್ತು. ಅವಳು ಸುಮ್ಮನೆ ಒಳಗೆ ಹೋಗಿ ಬ್ಯಾಟರಿಯ ಮುಳ್ಳನ್ನು ನೋಡಿ ಬಂದಳು. ಹಿಂದಿನ ರಾತ್ರಿಯ ವಿದ್ಯುತ್ತು, ಅಂದಿನ ಇಂಜಿನ್ನಿನ ಓಟ, ಎರಡೂ ಸೇರಿ ಬ್ಯಾಟರಿ ತುಂಬಿತ್ತು. “ಇಲ್ಲೇ ಇರೋಣ” ಎಂದಳು. “ಲೆಕ್ಕ ಹಾಕಿ ಉರಿಸೋಣ.”

ಲೆಕ್ಕ ಹಾಕಿಯೇ ಉರಿಸಿದೆವು. ಬಿಸಿಗಾಳಿಯ ಯಂತ್ರವನ್ನು ಒಮ್ಮೆ ಹೊತ್ತಿಸಿದರೆ ನಿಲ್ಲಿಸದೆ ಓಡಿಸುವುದೇ ಮಿತವ್ಯಯ. ಮೇಲಿಂದಮೇಲೆ ಹೊತ್ತಿಸುವುದರಲ್ಲಿಯೇ ಬ್ಯಾಟರಿಯ ಖರ್ಚು. ಸಂಜೆ ಐದರಿಂದ ಹತ್ತರವರೆಗೆ ಒಂದು ಸರದಿ, ಬೆಳಗ್ಗೆ ಆರಕ್ಕೆ ಇನ್ನೊಂದು. ದೀಪ ಒಂದೇ. ಚಳಿಗಾಲದಲ್ಲಿ ತಂಗಳುಪೆಟ್ಟಿಗೆ ಅನವಶ್ಯಕ, ಅದನ್ನು ಆರಿಸಿದೆವು. ಹಾಲು ಹೊರಗಿಟ್ಟರೆ ಸಾಕು. ಭಾವನವರಿಗೆ ಎರಡು ಬಿಸಿನೀರಿನ ರಬ್ಬರು ಚೀಲ. ನಾಯಿಯ ಹಾಸಿಗೆಯನ್ನು ನೆಲದಿಂದೆತ್ತಿ ಮೆತ್ತೆಯ ಮೇಲೆ ಇಟ್ಟೆವು. ದೋಣಿಯ ನೆಲದ ಕೆಳಗೆ ನದಿಯೇ ಇರುವುದರಿಂದ ಅಲ್ಲಿ ಮಲಗಿದ ಪ್ರಾಣಿಗೆ ಕಂಬಳಿ ಎಷ್ಟು ಹೊದಿಸಿದರೂ ಶೀತ ಕೆಳಗಿನಿಂದ ಏರುತ್ತದೆ. ಮೂರು ಗಂಟೆಗೆ ಎಚ್ಚರವಾದಾಗ ಕಿಟಕಿಯ ಒಳಮೈಯಲ್ಲಿ ನಮ್ಮದೇ ಉಸಿರು ಹಿಮವಾಗಿ ಹೂಬಿಟ್ಟಿತ್ತು. ಅಕ್ಕ ಎದ್ದು ಕೂತು ಭಾವನವರ ಉಸಿರನ್ನು ಕೇಳುತ್ತಿದ್ದಳು. ನಾಯಿ ಅವರ ಕಾಲ ಮೇಲೆ ಮಲಗಿತ್ತು. ಯಾರು ಯಾರನ್ನು ಬೆಚ್ಚಗಿಟ್ಟರೋ ನಾನರಿಯೆ. ಆರಕ್ಕೆ ಮುಳ್ಳು ೧೨.೩ ತೋರಿಸುತ್ತಿತ್ತು; ಯಂತ್ರ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಎಂಟೂವರೆಗೆ ಟೆಸ್ ತಾನಾಗಿಯೇ ದಡಕ್ಕೆ ಇಳಿದು, ಬಿಳಿಯ ಹುಲ್ಲಿನ ಮೇಲೆ ಬಹಳ ಹೊತ್ತು ಮೂಸುತ್ತ ಹೋಯಿತು. ಭಾವ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತು, ಎರಡನೆಯ ಲೋಟ ಕಾಫಿ ಕೇಳಿದರು.

ಅದು ಟೆಸ್‌ನ ಕೊನೆಯ ಚಳಿಗಾಲ. ಈಗ ಅವರ ಜೊತೆಗಿರುವುದು ಎಳೆಯ ನಾಯಿ. ಅದು ಎಲ್ಲಿಂದ ಬೇಕಾದರೂ ಹಾರುತ್ತದೆ, ಹಾರಿ ಒಂದೆರಡು ಸಲ ನೀರಿಗೂ ಬಿದ್ದಿದೆ.

ಅಂದಿನಿಂದ ಅವರು ಒಂದು ರಾತ್ರಿ ಕಂಬ, ಒಂದು ರಾತ್ರಿ ಹುಲ್ಲು ಎಂಬ ಸರದಿಯಲ್ಲಿ ಹೋಗುತ್ತಾರೆ; ಕಡುಚಳಿಯ ಮುನ್ಸೂಚನೆಯಿದ್ದರೆ ಮಾತ್ರ ಕಂಬದ ಹಿಂದೆ ಕಂಬ. ನಾರಿಚ್‌ನ ಮತ್ತು ಬೆಕ್ಲಿಸ್‌ನ ಯಾಟ್ ಸ್ಟೇಷನ್ನುಗಳಲ್ಲಿ ವಿದ್ಯುತ್ತೂ ಉಂಟು, ನಾಯಿ ನಡೆಯಲು ಊರೂ ಉಂಟು. ಸಾರ್ವಜನಿಕ ಕಟ್ಟೆಗಳಲ್ಲಿ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ ಎಂಬ ನಿಯಮ ಚಳಿಗಾಲದಲ್ಲಿ ಬೇಸರ ತರಬಹುದು, ಆದರೆ ದಿನವೂ ಎರಡು ಗಂಟೆ ಇಂಜಿನ್ನು ಓಡುವುದೇ ಬ್ಯಾಟರಿಗೆ ಆಹಾರ. ಇನ್ನೊಂದು ಮಾತು: ಹಿಮಕ್ಕೆ ಕೊಳವೆ ಒಡೆಯದಿರಲೆಂದು ಚಳಿಗಾಲದಲ್ಲಿ ಎಷ್ಟೋ ಕಟ್ಟೆಗಳ ನಲ್ಲಿಯನ್ನು ಮುಚ್ಚಿರುತ್ತಾರೆ. ಕಂಬವಿದೆಯೆ ಎಂದು ಕೇಳುವವರು ನಲ್ಲಿ ಹರಿಯುತ್ತಿದೆಯೆ ಎಂದೂ ಫೋನಿನಲ್ಲಿ ವಿಚಾರಿಸಿಕೊಳ್ಳಬೇಕು. ಹೋಟೆಲುಗಳೂ ವಾರದಲ್ಲಿ ಕೆಲವು ದಿನ ತೆರೆಯುವುದಿಲ್ಲ.

ಅಕ್ಕ ಇದೆಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಅಚ್ಚಾದ ನಕ್ಷೆಗಳಲ್ಲಿ ಕಂಬದ ಗುರುತಿರುತ್ತದೆ, ಕಟ್ಟೆಯ ಎತ್ತರ ಇರುವುದಿಲ್ಲ. ಅವಳು ಅಳೆಯುವುದು ಗೇಣಿನಲ್ಲಿ, ಭರತದಲ್ಲೊಮ್ಮೆ, ಇಳಿತದಲ್ಲೊಮ್ಮೆ, ಬರೆಯುವುದು ಕನ್ನಡದಲ್ಲಿ. ಪಕ್ಕದ ದೋಣಿಯ ದಂಪತಿಗಳು, ಅವರದೂ ಮುದಿ ನಾಯಿಯೇ, ಒಮ್ಮೆ ಅದನ್ನು ಕೇಳಿ ಪಡೆದು, ತಿರುಗಿಸಿ ತಿರುಗಿಸಿ ನೋಡಿ, ನಗುತ್ತ ಹಿಂದಿರುಗಿಸಿದರಂತೆ. ಮರುದಿನ ಅಕ್ಕ ಅವರ ದೋಣಿಗೆ ಹೋಗಿ ಕೂತು, ಪುಟ ಪುಟವನ್ನೂ ಇಂಗ್ಲಿಷಿನಲ್ಲಿ ಓದಿ ಬರೆಸಿದಳು. ಅದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತಂತೆ; ಗೇಣು ಎಂದರೆ ಎಷ್ಟು ಎಂಬಲ್ಲಿಯೇ ಬಹಳ ಹೊತ್ತು ಹೋಯಿತಂತೆ.